ಬಂಡೆಯ ಮೇಲೆ ಎದ್ದು ನಿಂತ ಕಾಯಿ

ತೆಂಗಿನಕಾಯಿ ಹಿಡಿದು ನೀರು ನೋಡುವವರನ್ನು ನಾನು ಎಂದೂ ನಂಬಿದವನಲ್ಲ. ಅಂಗೈ ಮೇಲೆ ಮಲಗಿಸಿದ ಕಾಯಿ ನೀರಿರುವ ಕಡೆ ತಾನಾಗಿ ಎದ್ದು ನಿಲ್ಲುತ್ತದಂತೆ. ಅದರಲ್ಲಿ ನಮ್ಮ ಭಾವ, ಅಂದರೆ ಅಕ್ಕನ ಗಂಡ, ಹೆಸರುವಾಸಿ. ಅವರ ಬೆನ್ನ ಹಿಂದೆ ನಕ್ಕಿದ್ದೇನೆ. ಎದುರಿಗೆ ನಗುವ ಧೈರ್ಯ ನನಗೆಲ್ಲಿ?

ಕೆಲವು ವರ್ಷಗಳ ಹಿಂದೆ, ತಿಪಟೂರಿನ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ, ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವ ಮೇಡಂ ಒಬ್ಬರನ್ನು ಚಿಕ್ಕನಾಯಕನಹಳ್ಳಿ ಕಡೆಯ ಭಾವನ ಹೊಲಕ್ಕೆ ಕಲ್ಲುಬಂಡೆ ತೋರಿಸಲೆಂದು ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಬಿಸಿಲು, ಹಾವು, ಪಂಕ್ಚರು ಎಂದು ಚಿಂತಿಸಿದ್ದೇ ಬಂತು, ಯಾವುದೂ ಎದುರಾಗಲಿಲ್ಲ. ಹೊಲದ ಮೇಲ್ತುದಿಯಲ್ಲೊಂದು ಬಂಡೆ. ಅದರ ಮೈತುಂಬ, ಎಲೆಕೋಸು ಅಡ್ಡ ಕೊಯ್ದಿಟ್ಟ ಹಾಗೆ, ಸುರುಳಿ ಗೆರೆಗಳು. ಮೇಡಂ ಮಂಡಿಯೂರಿ ಸವರುತ್ತ ಕುಳಿತವರು ಊಟದ ಡಬ್ಬಿಯನ್ನೇ ಮರೆತರು. ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ಕಡಲಿತ್ತಂತೆ. ಕಣ್ಣಿಗೆ ಕಾಣದ ಜೀವಿಗಳು ಪದರದ ಮೇಲೆ ಪದರ ಕಟ್ಟಿ ಬಿಟ್ಟುಹೋದ ಗುರುತಂತೆ ಅದು.

ಅಷ್ಟರಲ್ಲಿ ಭಾವ ಕಾಯಿ ಹಿಡಿದು ಬಂದರು. ಮಾರನೆಯ ದಿನ ಬೋರ್‌ವೆಲ್ ಲಾರಿ ಬರುವುದಿತ್ತು, ಜಾಗ ಇನ್ನೂ ಗೊತ್ತಾಗಿರಲಿಲ್ಲ. ಬಂಡೆಯ ಮೇಲೆ ಕಾಲಿಟ್ಟರೋ ಇಲ್ಲವೋ, ಕಾಯಿ ನೆಟ್ಟಗೆ ನಿಂತಿತು.

“ಇಲ್ಲೇ ಕೊರೆಸ್ತೀನಿ ಕಣ್ಲಾ!” ಎಂದರು.

ಮೇಡಂ ಮುಖ ಬಿಳಿಚಿತು. ಇಂಥ ಬಂಡೆ ಒಡೆದರೆ ಮತ್ತೆ ಚಿಗುರುವುದಿಲ್ಲ. ಅದನ್ನು ಉಳಿಸಲು ನನಗೆ ಹೊಳೆದದ್ದು ಒಂದೇ ದಾರಿ: ನಂಬದವನ ಕೈಯಲ್ಲಿ ಕಾಯಿ ಏಳುವುದಿಲ್ಲವೆಂದು ತೋರಿಸಿ, ಭಾವನ ನಂಬಿಕೆ ಅಲುಗಿಸುವುದು. “ಕೊಡಿ ಭಾವ ಇಲ್ಲಿ” ಎಂದು ಇಸಿದುಕೊಂಡೆ.

ಕಾಯಿ ನನ್ನ ಅಂಗೈಯಲ್ಲೂ ಎದ್ದಿತು. ನಾನು ಎಬ್ಬಿಸಲಿಲ್ಲ, ಆಣೆ. ಯಾರೋ ಕೆಳಗಿನಿಂದ ಮೆಲ್ಲಗೆ ನೂಕಿದ ಹಾಗಿತ್ತು. ಹೆದರಬೇಕಿತ್ತು, ಹೆದರುವುದೇ ನನ್ನ ಕಸುಬು. ಆದರೆ ಏಕೋ ನಗು ಉಕ್ಕಿ ಬಂತು.

“ನೋಡುದ್ರಾ ಮೇಡಂ, ನಮ್ ಭಾಮೈದನೇ ಸಾಕ್ಷಿ!” ಭಾವ ಕುಣಿದರು.

“ನೀರಿದ್ದದ್ದು ನಿಜ ಯಜಮಾನ್ರೇ,” ಮೇಡಂ ಅಳುವುದೊಂದು ಬಾಕಿ, “ಆದ್ರೆ ಅದು ಸಮುದ್ರದ ನೀರು.”

ಭಾವನ ಕುಣಿತ ನಿಂತಿತು. “ಉಪ್ನೀರಾ? ಬುಡಿ ಮೇಡಂ! ನಮ್ಮ ಎಮ್ಮೆನೂ ಮೂಸಲ್ಲ ಅದ್ನ.”

ಬೋರನ್ನು ಕೆಳಗಿನ ಬದುವಿನ ಹತ್ತಿರ ಕೊರೆಸಿದರು, ನೀರೂ ಬಂತು. ಬಂಡೆ ಉಳಿಯಿತು. ಈಗ ಬಂದ ನೆಂಟರಿಗೆಲ್ಲ ಭಾವ ಅದನ್ನು ‘ನಮ್ ಕಡಲು’ ಎಂದು ತೋರಿಸುತ್ತಾರೆ.

ನಾನು ಕೈನಡುಕವಿರಬಹುದೆಂದು ಡಾಕ್ಟರ ಹತ್ತಿರ ಹೋದೆ, ಏನೂ ಇಲ್ಲವೆಂದರು. ತುಂಬಿದ ತೊಟ್ಟಿಯ ಪಕ್ಕ, ಬಾವಿಕಟ್ಟೆಯ ಮೇಲೆ, ಯಾರೂ ಇಲ್ಲದಾಗ ಕಾಯಿ ಹಿಡಿದು ನೋಡಿದ್ದೇನೆ, ಕದಲುವುದಿಲ್ಲ. ಒಣಗಿ ಬಿಸಿಲಿಗೆ ಕಾದ ಆ ಬಂಡೆಯ ಮೇಲೆ ಮಾತ್ರ ಹೋದಾಗಲೆಲ್ಲ ಏಳುತ್ತದೆ, ನನಗೆ ನಗುವೂ ಬರುತ್ತದೆ. ಎರಡಕ್ಕೂ ಕಾರಣ ನನಗೆ ಇಂದಿಗೂ ತಿಳಿದಿಲ್ಲ.