ನೀರೊಳಗಿನ ನಡುಗೋಡೆ

ಹೈದರಾಬಾದಿನಲ್ಲಿ ನಾನು ಕೇಳಿದ ಮೊದಲ ಕನ್ನಡ ಒಂದು ಬೈಗುಳ. ಮಿಯಾಪುರದ ನಮ್ಮ ಏಳನೇ ಮಹಡಿಯ ಅಡುಗೆಮನೆಗೆ ಅದು ಕೆಳಗಿನಿಂದ ಏರಿಬಂತು. ಇಣುಕಿದರೆ, ಪಕ್ಕದಲ್ಲಿ ಏಳುತ್ತಿದ್ದ ಕಟ್ಟಡದ ಕೂಲಿ ಹೆಂಗಸೊಬ್ಬಳು ಕೆಟ್ಟು ನಿಂತ ಕಾಂಕ್ರೀಟ್ ಯಂತ್ರಕ್ಕೆ, "ನಿನ್ನ ಬಾಯಾಗ ಮಣ್ಣ ಬೀಳ್ಲಿ!" ಎನ್ನುತ್ತಿದ್ದಳು. ಅದರ ಬಾಯಲ್ಲಿ ಆಗಲೇ ಮರಳು ತುಂಬಿತ್ತು. ಮೂರು ವಾರದಿಂದ ತರಕಾರಿಯವನೊಡನೆ ಕೈಸನ್ನೆಯಲ್ಲೇ ಬದುಕಿದ್ದ ನನಗೆ ಕಣ್ಣು ತುಂಬಿತು.

ಹಾಗೆ ಪರಿಚಯವಾದ ನೀಲಮ್ಮ ಒಂದು ದಿನ ನೋಟಿಸು ತಂದಳು. ಅವಳ ಊರು ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿತ್ತು. ಬದಲಿಗೆ ಸಿಕ್ಕ ನಿವೇಶನದ ಸುತ್ತ ಕೂಲಿ ಸಿಗದೆ ಇಲ್ಲಿಗೆ ಬಂದಿದ್ದಳು. ಅಲ್ಲಿ ವಾಸವಿಲ್ಲವಾದ್ದರಿಂದ ಹದಿನೈದು ದಿನದಲ್ಲಿ ಉತ್ತರಿಸದಿದ್ದರೆ ನಿವೇಶನ ವಾಪಸ್ ಎಂದಿತ್ತು. ಮೈಸೂರು ಬಿಟ್ಟದ್ದಕ್ಕೆ ನಮ್ಮ ಯಜಮಾನರಿಗೆ ಕಂಪನಿ ಸಾಮಾನು ಸಾಗಿಸಲು ಲಾರಿ ಕೊಟ್ಟಿತ್ತು, ಇವಳಿಗೆ ಸರ್ಕಾರ ನೋಟಿಸು.

ಅವಳ ಪರವಾಗಿ ಉತ್ತರ ಬರೆಯಲು ಕೂತೆ. ಕಾನ್ವೆಂಟಿನ ಸಿಸ್ಟರ್ ನನಗೆ ಕಲಿಸಿದ್ದು ರಜಾ ಅರ್ಜಿಯೊಂದೇ. "ಜ್ವರದ ಕಾರಣ" ಎಂದು ಶುರುಮಾಡಿ, ಹೊಡೆದುಹಾಕಿ, "ಕೂಲಿಯ ಕಾರಣ ಗೈರುಹಾಜರಾಗಿರುತ್ತೇನೆ; ಹಕ್ಕು ಬಿಟ್ಟುಕೊಟ್ಟಿರುವುದಿಲ್ಲ" ಎಂದು ಬರೆದೆ.

ತೊಡಕಾದದ್ದು ನೋಟಿಸಿನ ಜೊತೆಗಿದ್ದ ನಮೂನೆ. ಮುಳುಗಿದ ಮನೆಯ ಚಕ್ಕುಬಂದಿ, ಅಂದರೆ ನಾಲ್ಕೂ ದಿಕ್ಕಿಗೆ ಏನಿತ್ತೆಂದು ಬರೆದು, ಹಳೆಯ ನೆರೆಯವರ ಸಹಿ ಹಾಕಿಸಬೇಕು.

"ಪೂರ್ವಕ್ಕೆ?"

"ಹಣಮಪ್ಪನ ಗುಡಿರಿ."

"ಉತ್ತರಕ್ಕೆ?"

"ಅದೊಂದು ಬಿಡ್ರಿ ಅಕ್ಕಾರ. ಅಲ್ಲಿ ನಮ್ಮ ನೆಗೆಣ್ಣಿ ಮನಿ ಇತ್ತು."

ನೆಗೆಣ್ಣಿ ಎಂದರೆ ನಮ್ಮ ಕಡೆಯ ಓರಗಿತ್ತಿ. ಹೈದರಾಬಾದಿನಲ್ಲಿ ಸಹಿ ಹಾಕಬಲ್ಲ ಹಳೆಯ ನೆರೆಯವಳು ಆ ನೆಗೆಣ್ಣಿ ಗೌರಮ್ಮ ಒಬ್ಬಳೇ! ಬಾಲಾನಗರದ ಅಡ್ಡಾದಲ್ಲಿ, ಕೂಲಿಯವರು ಕೆಲಸಕ್ಕೆ ಕಾದು ನಿಲ್ಲುವ ಚೌಕದಲ್ಲಿ, ದಿನವೂ ನಿಲ್ಲುತ್ತಿದ್ದಳು. ಎರಡು ಮನೆಗಳ ನಡುಗೋಡೆ ಯಾರದೆಂಬ ಜಗಳದಿಂದ ಇಬ್ಬರಿಗೂ ಮಾತಿರಲಿಲ್ಲ.

ಭಾನುವಾರ ಇಬ್ಬರನ್ನೂ ಮನೆಗೆ ಕರೆಸಿದೆ. ಗೌರಮ್ಮ ಚಹಾ ಕುಡಿದು, ಓದಿಸಿ ಕೇಳಿ, ಪೆನ್ನು ಕೆಳಗಿಟ್ಟಳು.

"ಉತ್ತರಕ್ಕ 'ನೀಲಮ್ಮನ ಗೋಡೆ' ಅಂತ ಯಾಕ ಬರದೀರಿ? ಗ್ವಾಡಿ ನಂದು."

"ನಮ್ಮ ಮಾವ ಕಟ್ಟಿಸಿದ್ದು!" ಎಂದಳು ನೀಲಮ್ಮ.

"ನನಗೇನು ಅಂವ ಮಾವ ಅಲ್ಲೇನ?"

"ಅದು ಈಗ ನೀರಲ್ಲಿದೆಯಲ್ಲಮ್ಮ," ಎಂದು ಗೋಗರೆದೆ.

"ನೀರಾಗಿದ್ರೇನ್ರಿ? ಗ್ವಾಡಿ ಗ್ವಾಡಿನ!" ಇಬ್ಬರೂ ಒಂದೇ ದನಿಯಲ್ಲಿ ನನ್ನ ಮೇಲೆ ಎಗರಿದರು. ವರ್ಷಗಳ ಮೇಲೆ ಅವರು ಒಪ್ಪಿದ ಮೊದಲ ಸಂಗತಿ ಅದು.

"ಉತ್ತರಕ್ಕೆ: ಇಬ್ಬರ ಗೋಡೆ" ಎಂದು ತಿದ್ದಿದೆ. ಗೌರಮ್ಮ ಸಹಿ ಹಾಕಿದಳು. ಆಮೇಲೆ, ಯಾರನ್ನೂ ನೋಡದೆ, ಸಂಚಿಯಿಂದ ತನ್ನದೂ ಒಂದು ನೋಟಿಸು ತೆಗೆದಳು. ಅದರ ನಮೂನೆಯಲ್ಲಿ ಬರೆದೆ: "ದಕ್ಷಿಣಕ್ಕೆ: ಇಬ್ಬರ ಗೋಡೆ." ನೀಲಮ್ಮ ಸಹಿ ಹಾಕಿದಳು.

ಎರಡೂ ನಿವೇಶನ ಉಳಿದವು. ಪತ್ರಗಳು ನಮ್ಮ ಮನೆಯ ವಿಳಾಸಕ್ಕೇ ಬಂದವು. ಓದಿಸಿಕೊಂಡು ನೀಲಮ್ಮ ಕೇಳಿದಳು, "ಅಕ್ಕಾರ, ನಿಮ್ಮ ಚಕ್ಕುಬಂದಿ ಏನ್ರಿ?"

ಮೈಸೂರಿನದನ್ನು ಕಣ್ಣುಮುಚ್ಚಿ ಹೇಳಬಲ್ಲೆ. ಇಲ್ಲಿ ಪೂರ್ವಕ್ಕೆ ಲಿಫ್ಟು. ಪಶ್ಚಿಮಕ್ಕೆ ಹೆಸರು ಗೊತ್ತಿಲ್ಲದವರ ಬಾಗಿಲು. ದಕ್ಷಿಣಕ್ಕೆ ಗಾಳಿ. ಉತ್ತರಕ್ಕೆ ಅಡುಗೆಮನೆಯ ಕಿಟಕಿ, ಅದರ ಕೆಳಗೆ ನೀಲಮ್ಮ. ಅವಳು ಕಟ್ಟುತ್ತಿರುವ ಗೋಡೆ ಈಗ ಐದನೇ ಮಹಡಿಗೆ ಬಂದಿದೆ; ನನ್ನ ಕಿಟಕಿಗೆ ಇನ್ನೆರಡೇ ಮಹಡಿ.