ಮೂಗು ಮೇಸ್ತ್ರಿ ಬಾಗಿಲಲ್ಲೇ ನಿಂತದ್ದು

ಮೂಗು ಮೇಸ್ತ್ರಿಗೆ ಆ ಹೆಸರು ಬಂದದ್ದು ಮೂಗಿನ ಉದ್ದಕ್ಕಲ್ಲ, ಅದರ ಕೆಲಸಕ್ಕೆ. ಊರಿಗೆ ಕರೆಂಟು ಕೊಡುವ, ಚಳಿಗಾಲದಲ್ಲಿ ದಪ್ಪ ಕೊಳವೆಗಳಲ್ಲಿ ಬಿಸಿನೀರು ಹರಿಸಿ ಮನೆ, ಶಾಲೆ, ಆಸ್ಪತ್ರೆಗಳನ್ನೆಲ್ಲ ಬೆಚ್ಚಗಿಡುವ ಸ್ಥಾವರದಲ್ಲಿ ಅವನು ಇಪ್ಪತ್ತೊಂಬತ್ತು ವರ್ಷ ಕಲ್ಲಿದ್ದಲ ಅಂಗಳ ಕಾದಿದ್ದ. ಕಲ್ಲಿದ್ದಲ ರಾಶಿ ಬಿದ್ದಲ್ಲೇ ಒಳಗೊಳಗೆ ಕಾಯುತ್ತದೆ. ಅದಕ್ಕೆ ಯಾರೂ ಕಡ್ಡಿ ಗೀರಬೇಕಾಗಿಲ್ಲ. ಹೊಗೆ ಕಣ್ಣಿಗೆ ಬೀಳುವ ಒಂದು ದಿನ ಮೊದಲೇ ಮೇಸ್ತ್ರಿ ರಾಶಿಗೆ ಒಂದು ಸುತ್ತು ಹಾಕಿ, ಮೂಗರಳಿಸಿ, "ಇಲ್ಲಿ ಅಗೀರಿ" ಎನ್ನುತ್ತಿದ್ದ. ಅಗೆದರೆ ಕೆಂಡ. ಸಿಟ್ಟೂ ಅದೇ ಮೂಗಿನ ತುದಿಯಲ್ಲೇ ಇರುತ್ತಿತ್ತು ಅನ್ನುವುದು ಬೇರೆ ಮಾತು.

ಅಂಗಳದಲ್ಲಿ ಅವನದೇ ಒಂದು ಕಟ್ಟಳೆ. ಬಿಸಿ ಗೊತ್ತಾದವನು ಯಾರಿಗೂ ಕಾಯಬಾರದು. ಪೈಪು ಎಳೆದು ಮೊದಲು ನೀರು, ಆಮೇಲೆ ಸಾಹೇಬರಿಗೆ ಸುದ್ದಿ. ಇದನ್ನು ಅವನು ಬೈದು, ತಲೆಗೆ ಮೊಟಕಿ ಕಲಿಸಿದ್ದು ಮುಖ್ಯವಾಗಿ ಒಬ್ಬನಿಗೆ, ತನ್ನ ಭಾವಮೈದನಿಗೆ. ತಾಯಿ ಸತ್ತಾಗ ಮೂರು ವರ್ಷದವನಾಗಿದ್ದ ಆ ತಮ್ಮನನ್ನು ಮೇಸ್ತ್ರಿಯ ಹೆಂಡತಿಯೇ ಸಾಕಿ ದೊಡ್ಡವನನ್ನಾಗಿ ಮಾಡಿದವಳು. ಹನ್ನೆರಡು ವರ್ಷದ ಹಿಂದೆ ಅವನನ್ನು ಕೆಲಸಕ್ಕೆ ಸೇರಿಸಿದ ದಿನ ಅವಳು ಗಂಡನಿಗೆ ಹೇಳಿದ್ದು ಒಂದೇ ಮಾತು: "ರೀ, ಅವನಿಗೇನಾದ್ರೂ ಆದ್ರೆ ನನ್ನ ಮುಖ ನೋಡೋಕೆ ಬರ್ಬೇಡಿ."

ಹಾಗಿರುವಾಗ ಮೇಲಿನವರು ಕಲ್ಲಿದ್ದಲು ಸಾಕು ಅಂದರು. ಇನ್ನು ಮೇಲೆ ಮರದ ಹೊಟ್ಟನ್ನು ಒತ್ತಿ ಮಾಡಿದ, ಬೆರಳುಗಾತ್ರದ ತುಂಡುಗಳನ್ನು ಉರಿಸುವುದು ಎಂದಾಯಿತು. ಕೆಲಸಗಾರರು ಅದಕ್ಕೆ ಗುಳಿಗೆ ಎಂದು ಹೆಸರಿಟ್ಟರು. "ಬಾಯ್ಲರಿಗೆ ಜ್ವರ, ದಿನಕ್ಕೆ ಮೂರು ಸಲ ಗುಳಿಗೆ" ಎಂದು ಕ್ರೇನ್ ಡ್ರೈವರ್ ನಗಿಸಿದ. ಅಂಗಳ ಗುಡಿಸಿ ತೊಳೆದರು. ಆ ಜಾಗದಲ್ಲಿ ಹತ್ತು ಮಹಡಿ ಎತ್ತರದ, ಕಿಟಕಿಯಿಲ್ಲದ ನಾಲ್ಕು ಕಣಜಗಳು ಎದ್ದವು. ಗುಳಿಗೆಯೆಲ್ಲ ಅದರೊಳಗೆ.

ಸುರಕ್ಷತೆಯ ಮೇಡಂ ಎರಡು ದಿನ ಪಾಠ ಮಾಡಿದರು. ಗುಳಿಗೆಯೂ ತಾನಾಗಿ ಕಾಯುತ್ತದೆ. ಕಾದಾಗ ನೀರು ಹಾಕಬಾರದು; ಹಾಕಿದರೆ ಅದು ಉಬ್ಬಿ ಕಣಜವನ್ನೇ ಸೀಳಬಹುದು. ಕಣಜದ ಬಾಗಿಲು ತೆಗೆಯಬಾರದು, ತೆಗೆದರೆ ಗಾಳಿ ನುಗ್ಗಿ ಸಿಡಿಯಬಹುದು. ಎಲ್ಲಕ್ಕಿಂತ ಮುಖ್ಯ, ಅದರಿಂದ ಒಂದು ವಿಷಗಾಳಿ ಬರುತ್ತದೆ, ಪಕ್ಕದ ಮೆಟ್ಟಿಲ ಗೂಡಿಗೂ ಸೋರಿ ನಿಲ್ಲುತ್ತದೆ.

"ಅದರ ವಾಸನೆ ಹೇಗಿರುತ್ತೆ ಮೇಡಂ?" ಎಂದು ಕೇಳಿದ ಮೇಸ್ತ್ರಿ.

"ವಾಸನೆಯೇ ಇರಲ್ಲ ಮೇಸ್ತ್ರಿಗಳೇ. ಇದನ್ನ ಇಟ್ಕೊಳ್ಳಿ" ಎಂದು ಅವರು ಬೆಂಕಿಪೊಟ್ಟಣದಷ್ಟು ದೊಡ್ಡ ಮೀಟರೊಂದನ್ನು ಅವನ ಜೇಬಿಗೆ ಸಿಕ್ಕಿಸಿದರು. "ಕೂಗಿತು ಅಂದ್ರೆ ಹಿಂದೆ ಬನ್ನಿ. ಒಳಗೆ ಯಾರೇ ಬಿದ್ದಿರಲಿ, ಉಸಿರಾಟದ ಸಿಲಿಂಡರ್ ಇಲ್ದೆ ಹೋಗ್ಬೇಡಿ. ಒಬ್ಬರನ್ನ ಎತ್ತೋಕೆ ಹೋಗಿ ಮೂರು ಜನ ಸತ್ತಿರೋದೇ ಹೆಚ್ಚು."

"ಬೆಂಕಿಗೆ ನೀರು ಬೇಡ ಅಂದ್ರೆ ಎಣ್ಣೆ ಹಾಕೋಣ್ವಾ?" ಎಂದ ಭಾವಮೈದ. ಎಲ್ಲರೂ ನಕ್ಕರು, ಎಲ್ಲರೂ ಸಹಿ ಹಾಕಿದರು. ಮೇಸ್ತ್ರಿ ನಗಲಿಲ್ಲ.

ಅವತ್ತಿನಿಂದ ಅವನಿಗೆ ಭಯ ಹಿಡಿಯಿತು. ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ಕಣಜದ ಬಳಿ ಹೋದರೆ ಬಡಗಿಯ ಅಂಗಡಿಯಂಥ ಘಮ ಘಮ. ಬಿಸಿಯಾದರೂ ಅದೇ, ತಣ್ಣಗಿದ್ದರೂ ಅದೇ. ಆ ಒಳ್ಳೆಯ ವಾಸನೆಗೇ ಅವನ ಕೈಕಾಲು ತಣ್ಣಗಾಗುತ್ತಿದ್ದವು. ಊಟಕ್ಕೆ ಕೂತಾಗಲೂ ಜೇಬು ಮುಟ್ಟಿಕೊಳ್ಳುತ್ತಿದ್ದ. "ಮೇಸ್ತ್ರಿ ಬಸುರಿ ಹಾಗೆ ಆಡ್ತಾನೆ" ಎಂದು ಹಿಂದಿನಿಂದ ಆಡಿಕೊಂಡರು. ಹೆದರುವವನ ಮೇಲೆ ಹಾವೆಸೆಯುವುದೆಂದರೆ ನಮ್ಮ ಜನಕ್ಕೆ ಹಬ್ಬ.

ಎರಡನೇ ಚಳಿಗಾಲದ ಒಂದು ಬೆಳಗ್ಗೆ, ಹನ್ನೊಂದರ ಹೊತ್ತಿಗೆ, ಮೂರನೇ ಕಣಜದ ಒಳಗಿನ ಶಾಖ ಅರವತ್ತು ಡಿಗ್ರಿ ದಾಟಿತು. ಕಂಟ್ರೋಲ್ ರೂಮಿನವರು ಪಾಠದ ಪ್ರಕಾರವೇ ಕಣಜವನ್ನು ಮುಚ್ಚಿ, ಬೆಂಕಿಯ ಉಸಿರುಗಟ್ಟಿಸುವ ನೈಟ್ರೋಜನ್ ತುಂಬಲು ಶುರು ಮಾಡಿ, ಹತ್ತಿರ ಯಾರೂ ಹೋಗಬೇಡಿ ಎಂದು ಮೈಕಿನಲ್ಲಿ ಕೂಗಿದರು. ಕಣಜದ ಬುಡದಲ್ಲಿ ಗುಳಿಗೆ ಸಾಗಿಸುವ ಕನ್ವೇಯರ್ ಓಡುವ ಸದ್ದಿಗೆ ಆ ಕೂಗು ಕೇಳಿಸಲಿಲ್ಲ. ಅಲ್ಲಿ ಭಾವಮೈದ ಪುಡಿ ಗುಡಿಸುತ್ತಿದ್ದ. ಗೋಡೆಗೆ ಕೈಯಿಟ್ಟ, ಬಿಸಿ. ಕಿವಿ ಪಾಠ ಕೇಳಿತ್ತು, ಕೈ ಕೇಳಿರಲಿಲ್ಲ. ಹನ್ನೆರಡು ವರ್ಷ ಭಾವ ಕಲಿಸಿದ್ದನ್ನೇ ಆ ಕೈ ಮಾಡಿತು. ಪೈಪು ಎಳೆದುಕೊಂಡು, "ಮೇಲೆ ಹೋಗಿ ಕೂಗ್ತೀನಿ, ಆಗ ತಿರುಗಿಸು" ಎಂದು ಕ್ರೇನ್ ಡ್ರೈವರನನ್ನು ನೀರಿನ ವಾಲ್ವಿನ ಬಳಿ ನಿಲ್ಲಿಸಿ, ಕಣಜಕ್ಕೆ ಅಂಟಿಸಿ ಕಟ್ಟಿದ್ದ ಮುಚ್ಚಿದ ಮೆಟ್ಟಿಲ ಗೂಡಿಗೆ ನುಗ್ಗಿದ.

ಮೈಕು ಕೇಳಿ ಓಡಿ ಬಂದ ಮೇಸ್ತ್ರಿಗೆ ಮೊದಲು ಕಂಡದ್ದು ನೆಲದ ಮೇಲೆ ಹಾವಿನಂತೆ ಬಿದ್ದಿದ್ದ ಪೈಪು. ವಾಲ್ವಿನ ಮೇಲಿದ್ದ ಡ್ರೈವರನ ಕೈಗೆ ಒಂದೇಟು ಹಾಕಿ, ಮೆಟ್ಟಿಲ ಗೂಡಿನ ಬಾಗಿಲು ತೆಗೆದ. ಹತ್ತು ಮೆಟ್ಟಿಲು ಮೇಲೆ, ಮೊದಲ ತಿರುವಿನಲ್ಲಿ, ಭಾವಮೈದ ಬಾಗಿಲ ಕಡೆ ತಲೆ ಮಾಡಿ ಬೋರಲು ಬಿದ್ದಿದ್ದ. ಒಂದು ತೋಳು ಕೆಳಗಿನ ಮೆಟ್ಟಿಲಿಗೆ ಜೋತಿತ್ತು. ಅದೇ ಗಳಿಗೆಗೆ ಜೇಬಿನ ಮೀಟರು ಚೀರತೊಡಗಿತು.

ಘಮ ಘಮ ಅನ್ನುವ ಗಾಳಿ. ಹೊಗೆಯಿಲ್ಲ, ಬೆಂಕಿಯಿಲ್ಲ. ಹತ್ತೇ ಮೆಟ್ಟಿಲು. ನಾನು ಹೇಳುತ್ತೇನೆ, ಇದನ್ನು ಓದುತ್ತಿರುವವರಲ್ಲಿ ನೂರಕ್ಕೆ ತೊಂಬತ್ತು ಜನ ಒಳಗೆ ಹೋಗಿಯೇ ಬಿಡುತ್ತಿದ್ದಿರಿ, ಹೆಣವೂ ಆಗುತ್ತಿದ್ದಿರಿ. ಮೇಸ್ತ್ರಿ ಒಂದು ಕಾಲು ಹೊಸಲಿನೊಳಗೆ ಇಟ್ಟ. ಮತ್ತೊಂದು ಕಾಲು ಬರಲಿಲ್ಲ.

"ಬಿಡಿ ಮೇಸ್ತ್ರಿ, ಉಸಿರು ಕಟ್ಕೊಂಡು ಎಳ್ಕೊಂಡು ಬಂದ್ಬಿಡ್ತೀನಿ!" ಎಂದು ನುಗ್ಗಿದ ಡ್ರೈವರನನ್ನು ಮೇಸ್ತ್ರಿ ಸೊಂಟಕ್ಕೆ ತಬ್ಬಿ ಹಿಡಿದ. ಅವನು ಗುದ್ದಿದ, ಕಚ್ಚಿದ, "ನಿಮ್ಮ ಮನೆಯವನಲ್ವೇನ್ರೀ!" ಎಂದು ಅತ್ತ. ಮೇಸ್ತ್ರಿ ಬಿಡಲಿಲ್ಲ. ಕೈಯಲ್ಲಿದ್ದ ವೈರ್‌ಲೆಸ್ಸಿನಲ್ಲಿ ಸಿಲಿಂಡರ್ ತನ್ನಿ, ಸಿಲಿಂಡರ್ ತನ್ನಿ ಎಂದು ಅರಚುತ್ತಲೇ ಇದ್ದ. ಸಿಲಿಂಡರ್ ಹೊತ್ತು ಮುಖವಾಡ ಹಾಕಿಕೊಂಡ ಇಬ್ಬರು ಓಡಿ ಬಂದು ಒಳನುಗ್ಗುವುದಕ್ಕೆ ನಾಲ್ಕು ನಿಮಿಷ ಹಿಡಿಯಿತು. ಆ ನಾಲ್ಕು ನಿಮಿಷವೂ ಅವನ ಕಣ್ಣು ಆ ಜೋತು ಬಿದ್ದ ತೋಳಿನ ಮೇಲೆಯೇ ಇತ್ತು. ಕಾಲು ಮಾತ್ರ ಕೀಳಲಿಲ್ಲ.

ಭಾವಮೈದ ಬದುಕಿದ. ಮೂರು ದಿನ ಕಣ್ಣು ಬಿಡಲಿಲ್ಲ, ಬಿಟ್ಟ ಮೇಲೂ ಮಾತು ತೊದಲು. ಮೇಡಂ ಎಲ್ಲರೆದುರು ಮೇಸ್ತ್ರಿಯನ್ನು ಹೊಗಳಿದರು: ಪಾಠವನ್ನು ಚಾಚೂ ತಪ್ಪದೆ ಪಾಲಿಸಿದ ಮನುಷ್ಯ ಇವರೊಬ್ಬರೇ. ಮೇಸ್ತ್ರಿ ತಲೆಯೆತ್ತಲಿಲ್ಲ. ಆ ಬಾಗಿಲಲ್ಲಿ ಅವನಿಗೆ ಯಾವ ಪಾಠವೂ ನೆನಪಿರಲಿಲ್ಲ.

ಮನೆಯಲ್ಲಿ ಹೆಂಡತಿ ಒಂದು ಸಲ ಕೇಳಿದಳು: "ಹತ್ತು ಮೆಟ್ಟಿಲಂತೆ?"

"ಹೌದು."

ಆಮೇಲೆ ಅವಳು ಅವನ ಜೊತೆ ಮಾತು ಬಿಟ್ಟಳು. ತಟ್ಟೆ ಇಡುತ್ತಿದ್ದಳು, ಬಡಿಸುತ್ತಿದ್ದಳು, ಆಸ್ಪತ್ರೆಗೆ ಹೊರಟುಬಿಡುತ್ತಿದ್ದಳು. ಅವನೂ ಹಿಂದೆ ಹೋಗಿ, ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ವಾಪಸು ಬರುತ್ತಿದ್ದ. ಒಳಗೆ ಹೋಗಲು ಹೆದರಿಕೆ. ಕಣಜಕ್ಕಿಂತ ಆ ಮಂಚಕ್ಕೆ ಹೆಚ್ಚು ಹೆದರಿದ.

ಒಂಬತ್ತನೇ ದಿನ ನರ್ಸು ಬಂದು, "ಭಾವನ್ನ ಕರೀರಿ ಅಂತಿದಾರೆ" ಎಂದಳು. ಮೇಸ್ತ್ರಿ ಹೋಗಿ ಮಂಚದ ಕಾಲಬಳಿ ನಿಂತ. ಹೆಂಡತಿ ತಲೆಯ ಬಳಿ ನೀರಿನ ಲೋಟ ಹಿಡಿದು ನಿಂತಿದ್ದಳು.

"ಭಾವ" ಎಂದ ಅವನು, ಒಂದೊಂದೇ ಮಾತು ಹುಡುಕುತ್ತಾ. "ನನಗೆ ಎಚ್ಚರ ಇತ್ತು. ಕಾಲು ಸತ್ತುಹೋಗಿತ್ತು ಅಷ್ಟೇ. ಬಾಗಿಲಲ್ಲಿ ನಿಮ್ಮ ಬೂಟು ಕಾಣ್ತಿತ್ತು."

ಮೇಸ್ತ್ರಿ ತನ್ನ ಬೂಟಿನ ಕಡೆ ನೋಡಿಕೊಂಡ.

"ಯಾಕೆ ಬರ್ಲಿಲ್ಲ ಭಾವ?"

"ಹೆದರಿಕೆ ಆಯ್ತು ಕಣೋ" ಎಂದ ಮೇಸ್ತ್ರಿ. ಹೆಂಡತಿಯ ಕಡೆ ನೋಡದೆಯೇ ಹೇಳಿದ. "ನಿಯಮ ಗಿಯಮ ಏನೂ ಅಲ್ಲ. ಬರೀ ಹೆದರಿಕೆ."

ಭಾವಮೈದ, "ನಾನು ಕರೀತಾನೇ ಇದ್ದೆ. ಭಾವ, ಭಾವ ಅಂತ. ಬಾಯಿಂದ ಸ್ವರಾನೇ ಹೊರಡ್ಲಿಲ್ಲ" ಎಂದ.

ಮೇಸ್ತ್ರಿ ಮಂಚದ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಕೇಳಿಸಿದ್ದಿದ್ರೆ ಬಂದೇಬಿಡ್ತಿದ್ದೆ ಕಣೋ" ಎಂದ. "ಒಂದು ಸಲ ಕೇಳಿಸಿದ್ರೂ ಸಾಕಿತ್ತು. ಬಂದೇಬಿಡ್ತಿದ್ದೆ."

ಹೆಂಡತಿ ನೀರಿನ ಲೋಟವನ್ನು ಕೆಳಗಿಟ್ಟಳು. ಅವಳು ತಮ್ಮನನ್ನೊಮ್ಮೆ, ಗಂಡನನ್ನೊಮ್ಮೆ ನೋಡಿ, ಗಂಡನ ಪಕ್ಕಕ್ಕೆ ಬಂದು ಅವನ ಅಂಗಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.