ಹೆಸರಿಲ್ಲದ ಎಂಟು ಪತ್ರಗಳು

ಸರಕಾರಕ್ಕೂ ಕೈಸಾಲ ಬೇಕಾಗುತ್ತದೆ. ಅದನ್ನು ಮನೆಮನೆಯಿಂದ ಎತ್ತಿ ಕೊಡುವುದಕ್ಕೆ ಒಬ್ಬ ಮನುಷ್ಯ ಬೇಕಾಗುತ್ತಾನೆ. ಕುಂದಾಪುರದ ಆಸುಪಾಸಿನಲ್ಲಿ ಆ ಮನುಷ್ಯ ನಾನಾಗಿದ್ದೆ. ಲೋಕ ನನ್ನನ್ನು ಸಣ್ಣ ಉಳಿತಾಯದ ಏಜೆಂಟ್ ಎನ್ನುತ್ತಿತ್ತು. ನನ್ನ ಹೆಂಡತಿ ಅದೇ ಉದ್ಯೋಗವನ್ನು ‘ಊರ್ ಸುತ್ತುದ್’ ಎನ್ನುತ್ತಿದ್ದಳು. ನಾನು ಮಾತ್ರ ನನ್ನನ್ನು ದೆಲ್ಲಿಯ ರಾಯಭಾರಿಯೆಂದು ತಿಳಿದುಕೊಂಡಿದ್ದೆ. ಬಸ್ರೂರಿನಿಂದ ಎಂಟರ ಬಸ್ಸಿಗೆ ಹೊರಟರೆ ಒಂದು ದಿನ ಬೈಂದೂರು, ಒಂದು ದಿನ ಬ್ರಹ್ಮಾವರ, ವಾರಕ್ಕೆರಡು ದಿನ ಗಂಗೊಳ್ಳಿ. ಹೆಗಲಲ್ಲಿ ರೆಕ್ಸಿನ್ ಚೀಲ, ಜೇಬಿನಲ್ಲಿ ಎರಡು ಪೆನ್ನು. ಒಂದು ಬರೆಯುವುದಕ್ಕೆ, ಇನ್ನೊಂದು ಗಿರಾಕಿಗಳು ಮರೆತು ಕೊಂಡುಹೋಗುವುದಕ್ಕೆ.

ಮಾರ್ಚ್ ತಿಂಗಳು ಬಂತೆಂದರೆ ಏಜೆಂಟರ ಸಭೆ ಕರೆಯುತ್ತಿದ್ದರು. ಒಂದು ಗೋಡಂಬಿ ಬಿಸ್ಕೆಟು, ಅರ್ಧ ಲೋಟ ಚಹಾ, ಒಂದೂವರೆ ಗಂಟೆ ಉಪದೇಶ. ಒಮ್ಮೆ ಹೊಸದಾಗಿ ಬಂದ ಅಧಿಕಾರಿಯೊಬ್ಬರು ಬಹಳ ತಾಳ್ಮೆಯಿಂದ ವಿವರಿಸಿದರು: “ನೀವು ತರುವ ಹಣ ದೆಲ್ಲಿಗೆ ಹೋಗುತ್ತದೆ. ಅದರ ದೊಡ್ಡ ಪಾಲನ್ನು ದೆಲ್ಲಿಯವರು ನಮ್ಮ ರಾಜ್ಯಕ್ಕೇ ಸಾಲವಾಗಿ ಕೊಡುತ್ತಾರೆ. ನೀವು ಕಡಿಮೆ ತಂದರೆ ರಾಜ್ಯಕ್ಕೆ ಸಾಲ ಕಡಿಮೆಯಾಗುತ್ತದೆ.” ಸಾಲ ಕಡಿಮೆಯಾದರೆ ದುಃಖಪಡಬೇಕು ಎಂಬುದು ನನಗೆ ತಿಳಿದದ್ದು ಅಂದೇ.

ಹಿಂದಿನ ಬೆಂಚಿನಿಂದ ಬೈಂದೂರು ಕಡೆಯ ಏಜೆಂಟನೊಬ್ಬ ಎದ್ದ. “ಹಳೇ ಪತ್ರದ ದುಡ್ಡ್ ಕೊಡುಕೆ ಎಲ್ಲಿಂದ ಬತ್ತ್ ಸರ್?”

“ಹೊಸ ಪತ್ರದ ಸಂಗ್ರಹದಿಂದ.”

“ಹೊಸತ್ತರ ದುಡ್ಡ್ ಕೊಡುಕೆ?”

“ಅದಕ್ಕೇ ಅಲ್ಲವೇನ್ರೀ ನಿಮ್ಮ ಟಾರ್ಗೆಟ್ ಹೆಚ್ಚಿಸಿರುವುದು” ಎಂದರು ಅಧಿಕಾರಿಗಳು. ಸಭೆ ಚಪ್ಪಾಳೆ ತಟ್ಟಿತು. ಇಷ್ಟು ಸರಳವಾಗಿ ಅರ್ಥಶಾಸ್ತ್ರವನ್ನು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆಗ ನಾನು ಮಾರುತ್ತಿದ್ದ ಸರಕಿನಲ್ಲಿ ಬಹಳ ಬೇಡಿಕೆಯಿದ್ದದ್ದು ಒಂದು ವಿಕಾಸ ಪತ್ರಕ್ಕೆ. ಎರಡೂವರೆ ಸಾವಿರ ಕೊಟ್ಟರೆ ಐದು ಸಾವಿರದ ಪತ್ರ ಕೈಗೆ ಬರುತ್ತಿತ್ತು. ಐದೂವರೆ ವರ್ಷ ಕಾದು, ಹಿಂದೆ ಸಹಿ ಹಾಕಿ, ಅಂಚೆ ಕಚೇರಿಯ ಕಿಂಡಿಯಲ್ಲಿ ಕೊಟ್ಟರೆ ಐದು ಸಾವಿರ. ಅದರ ವಿಶೇಷವೆಂದರೆ ಪತ್ರದ ಮೇಲೆ ಕೊಂಡವರ ಹೆಸರೇ ಇರುತ್ತಿರಲಿಲ್ಲ. ಕೈಯಲ್ಲಿದ್ದವರದೇ ಪತ್ರ. ಕಳೆದರೆ ಕಳೆಯಿತು, ಹಾಳಾದರೆ ಹಾಳಾಯಿತು, ಬದಲಿ ಇಲ್ಲ. ತನಗೆ ಸಾಲ ಕೊಟ್ಟವರು ಯಾರೆಂದು ಸಾಲಗಾರನೇ ಬರೆದಿಟ್ಟುಕೊಳ್ಳದ ಸಾಲ ಪ್ರಪಂಚದಲ್ಲಿ ಬೇರೆಲ್ಲಿಯಾದರೂ ಇತ್ತೋ ನಾನರಿಯೆ. ಕಪ್ಪುಹಣದವರಿಗೆ ಇದು ಪ್ರಿಯವಾಗಿತ್ತು ಎಂದು ಹೇಳುತ್ತಿದ್ದರು. ನನಗೆ ಸಿಕ್ಕ ಗಿರಾಕಿಗಳ ಹಣ ಹೆಚ್ಚೆಂದರೆ ಮೀನಿನ ನೀರಿನಿಂದ ಕಪ್ಪಾದದ್ದು.

ಅಂಥ ಗಿರಾಕಿಗಳಲ್ಲಿ ಗಂಗೊಳ್ಳಿಯ ಒಬ್ಬ ಅಕ್ಕ. ಒಣಮೀನಿನ ವ್ಯಾಪಾರ. ಗಂಡ ಮುಂಬಯಿಯ ಬೋಟಿನಲ್ಲಿ ಕೆಲಸಕ್ಕಿದ್ದ. ಮನೆಯಲ್ಲಿ ಭಾವಂದಿರು, ಓರಗಿತ್ತಿಯರು ಸೇರಿ ಹದಿಮೂರು ಜನ. ಅಕ್ಕ ದಾರಿಬದಿಯ ಮೂರು ಸೆಂಟ್ಸ್ ಜಾಗವನ್ನು ಬಾಡಿಗೆಗೆ ಹಿಡಿದು ಅಲ್ಲಿ ಬಂಗುಡೆ, ಬೂತಾಯಿ ಒಣಗಿಸುತ್ತಿದ್ದರು. ಆ ಮೂರು ಸೆಂಟ್ಸನ್ನು ತನ್ನ ಹೆಸರಿಗೆ ಮಾಡಿಕೊಳ್ಳಬೇಕು, ಮೂಲೆಯಲ್ಲಿ ಒಂದು ಕೋಣೆ ಕಟ್ಟಿ ಹದಿಮೂರು ಜನರಿಂದ ಹೊರಗೆ ಬರಬೇಕು. ಅಕ್ಕನಿಗೆ ಈ ಜನ್ಮದಲ್ಲಿ ಬೇಕಾಗಿದ್ದದ್ದು ಅಷ್ಟೇ. ಜಾಗದ ಯಜಮಾನರು ವಯಸ್ಸಾದವರು. “ದುಡ್ಡ್ ಆದಾಗ ಹೇಳ್, ನಿಂಗೇ ಕೊಡ್ತೆ” ಎಂದು ಬಾಯಿಮಾತಿನಲ್ಲಿ ಒಪ್ಪಿದ್ದರು.

ತೊಂಬತ್ತೇಳರ ದೀಪಾವಳಿ ಕಳೆದ ಮೇಲೆ ಅಕ್ಕ ನನ್ನನ್ನು ದಾರಿಯಲ್ಲಿ ನಿಲ್ಲಿಸಿದರು.

“ಹ್ವಾಯ್, ಏಜೆಂಟ್ರೇ! ಹೆಸ್ರ್ ಇಲ್ದಿದ್ ಪತ್ರ ಇತ್ತಂಬ್ರಲೆ? ಅದೇ ಬೇಕ್ ನಂಗೆ. ಬ್ಯಾಂಕಂದ್ರೆ ಮನೀಗ್ ಕಾಗ್ದ ಬತ್ತ್. ಭಾವನಿಗ್ ಗೊತ್ತಾಪುಕಾಗ.”

“ಇತ್ತ್ ಅಕ್ಕ. ಆದ್ರೆ ಕಳ್ಕಂಡ್ರೆ ಸರ್ಕಾರ ನಿಮ್ಮನ್ ಕೇಂಬುದಿಲ್ಲ.”

“ಈಗ ಕೇಂತಾ?” ಎಂದರು. ಇಪ್ಪತ್ತು ಸಾವಿರ ಎಣಿಸಿಕೊಡುತ್ತ ಮತ್ತೊಂದು ಪ್ರಶ್ನೆ: “ಸರ್ಕಾರ ಇದನ್ ತಿರ್ಗಿ ಹ್ಯಾಂಗ್ ಕೊಡ್ತ್?”

ನಾನು ಸಭೆಯಲ್ಲಿ ಕಲಿತದ್ದನ್ನು ಗಂಭೀರವಾಗಿ ಹೇಳಿದೆ. ಬೇರೆಯವರ ಹತ್ತಿರ ತೆಗೆದುಕೊಂಡು ನಿಮಗೆ ಕೊಡುತ್ತದೆ ಎಂದೆ.

“ಅದನ್ನೇ ನಾವ್ ಮಾಡ್ರೆ ಅವನ್ ಟೊಪ್ಪಿ ಇವನ್ ತಲೆಗೆ ಅಂತ್ರ್” ಎಂದು ಅಕ್ಕ ನಕ್ಕರು. ಆದರೂ ಕೊಂಡರು. ಎಂಟು ಪತ್ರ ತಂದುಕೊಟ್ಟೆ. ಕೊಡುವಾಗ ರಾಯಭಾರಿಗೆ ತಕ್ಕ ಧ್ವನಿಯಲ್ಲಿ ಎಚ್ಚರಿಸಿದೆ: “ಉಪ್ಪುಗಾಳಿ ಊರ್ ಅಕ್ಕ. ನೀರ್ ತಾಗ್ದ ಹಾಂಗೆ, ಜಿರಳೆ ತಿನ್ದ ಹಾಂಗೆ ಜೋಪಾನ ಮಾಡಿ.”

ನನ್ನ ಆಯುಷ್ಯದಲ್ಲಿ ನನ್ನ ಮಾತನ್ನು ಅಕ್ಷರಶಃ ಪಾಲಿಸಿದವರು ಒಬ್ಬರೇ. ಅದು ಆ ಅಕ್ಕ.

ಎರಡು ಸಾವಿರದ ಮೂರರ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಅವಧಿ ಮುಗಿಯಿತು. ಅಕ್ಕ ಹೊಸ ಸೀರೆಯುಟ್ಟು ದೋಣಿಯಲ್ಲಿ ಹೊಳೆ ದಾಟಿ ಕುಂದಾಪುರಕ್ಕೆ ಬಂದರು. ನಾನೂ ಅಂಚೆ ಕಚೇರಿಯ ಕಿಂಡಿಯ ಎದುರು ಹಾಜರಿದ್ದೆ. ನಮ್ಮ ಮುಂದಿದ್ದವನು ಬೈಂದೂರಿನವನು. ಅವನ ಪತ್ರ ಎಂಟು ಮಡಿಕೆಯಾಗಿ, ಎಣ್ಣೆ ಹೀರಿ, ಬೀಡಿಯ ವಾಸನೆ ಹೊಡೆಯುತ್ತಿತ್ತು. ಗುಮಾಸ್ತರು ಮೂಗು ಮುರಿದು ಬಿಡಿಸಿ ನೋಡಿದರು. ಸಹಿ ಹಾಕಿಸಿದರು. ಹಣ ಕೊಟ್ಟರು. ಅಕ್ಕ ನನ್ನ ಕಿವಿಯಲ್ಲಿ, “ಕಾಣಿ, ಹ್ಯಾಂಗ್ ಇಟ್ಕಂಡಿದ್ದ. ಅವನಿಗೂ ಕೊಡ್ತ್ರ್!” ಎಂದರು. ಆಮೇಲೆ ತಮ್ಮ ಚೀಲದಿಂದ ಬಟ್ಟೆಯ ಗಂಟು ತೆಗೆದು ಬಿಚ್ಚಿದರು.

ಎಂಟು ಪತ್ರಗಳೂ ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಲ್ಯಾಮಿನೇಶನ್.

ಪತ್ರ ಕೊಂಡ ವಾರವೇ ಮಾಡಿಸಿದ್ದರಂತೆ. ಆಗ ನಮ್ಮ ಕಡೆ ಆ ಯಂತ್ರ ಹೊಸತು. ರೇಶನ್ ಕಾರ್ಡು, ಅಂಕಪಟ್ಟಿ, ದೇವರ ಪಟ, ಮದುವೆಯ ಕರೆಯೋಲೆ, ಎಲ್ಲವನ್ನೂ ಜನ ಪ್ಲಾಸ್ಟಿಕ್ಕಿನೊಳಗೆ ಹಾಕಿಸುತ್ತಿದ್ದರು. ಅಂಗಡಿಯವನು ಎಂಟಕ್ಕೆ ಒಟ್ಟಿಗೆ ಎಂದು ರಿಯಾಯಿತಿ ಬೇರೆ ಕೊಟ್ಟಿದ್ದ.

ಗುಮಾಸ್ತರು ಒಂದನ್ನು ಬೆಳಕಿಗೆ ಹಿಡಿದರು. ಉಗುರಿನಿಂದ ಕೆರೆದರು. ಅವರು ಕೆಟ್ಟವರಲ್ಲ. ಪೆನ್ನನ್ನೂ ಅಕ್ಕನ ಕೈಗೆ ಕೊಟ್ಟರು. ಪತ್ರದ ಹಿಂದೆ ಅಕ್ಕ ಸಹಿ ಹಾಕಿದರು. ಶಾಯಿ ನಿಲ್ಲಲಿಲ್ಲ. ಎರಡನೆಯ ಸಲ ಒತ್ತಿ ಬರೆದರು. ಪೆನ್ನು ಮಂಜುಗಡ್ಡೆಯ ಮೇಲೆ ಮೀನು ಜಾರಿದಂತೆ ಜಾರಿತು. ಗುಮಾಸ್ತರು ಮೊಹರು ಒತ್ತಿ ನೋಡಿದರು. ಸೆರಗಿನ ತುದಿ ತಾಗಿದ್ದೇ ಮೊಹರು ಅಳಿಸಿಹೋಯಿತು.

“ಅಮ್ಮ, ಇದರ ಮೇಲೆ ನಿಮ್ಮ ಸಹಿಯೂ ಕೂರುವುದಿಲ್ಲ, ನಮ್ಮ ಸೀಲೂ ಕೂರುವುದಿಲ್ಲ. ನಾನು ಹಣ ಕೊಟ್ಟದ್ದಕ್ಕೆ ಸಾಕ್ಷಿಯೇನು? ಇದನ್ನು ಬಿಡಿಸಿಕೊಂಡು ಬನ್ನಿ.”

ಬಿಡಿಸುವುದಕ್ಕೆ ಅದೇ ಅಂಗಡಿಗೆ ಹೋದೆವು. ಅಂಗಡಿಯವನು ಬ್ಲೇಡಿನಿಂದ ಒಂದು ಪತ್ರದ ಅಂಚು ಸೀಳಿ, ಉಸಿರು ಬಿಗಿಹಿಡಿದು ಎಳೆದ. ಪ್ಲಾಸ್ಟಿಕ್ಕು ಬಂತು. ಅದರೊಂದಿಗೆ ಮುದ್ರಣವೂ ಬಂತು. ಸಿಂಹಗಳು, ನಂಬರು, ಐದು ಸಾವಿರ ಎಂಬ ಅಕ್ಷರ, ಎಲ್ಲವೂ ಅವನ ಎಡಗೈಯಲ್ಲಿ. ಬಲಗೈಯಲ್ಲಿ ಉಳಿದದ್ದು ಬಿಳಿಯ ಹಾಳೆ.

“ಒಂದ್ ಹೋಯ್ತ್” ಎಂದರು ಅಕ್ಕ. “ಉಳ್ದದ್ ಮುಟ್ಬೇಡ ಮಾರಾಯಾ.”

ಆ ಅಕ್ಕನಿಂದ ನನಗೆ ಬಂದ ಕಮಿಷನ್ನನ್ನು ಹಿಂದಿರುಗಿಸಲು ಹೋದೆ. “ಇದ್ರಲ್ಲ್ ಎಂತ ಆತ್? ಚಾ ಕುಡೀನಿ” ಎಂದು ದೂಡಿದರು.

ಮೇಲಿನ ಕಚೇರಿಗೆ ಅರ್ಜಿ ಬರೆದದ್ದು ನಾನೇ. ನಾಲ್ಕು ಪುಟ. ಕಡಲ ತೀರದ ಹವೆ, ಮಹಿಳೆಯ ಮುಗ್ಧತೆ, ಸರಕಾರದ ಔದಾರ್ಯ, ಎಲ್ಲವನ್ನೂ ಉಚಿತ ಸ್ಥಾನಗಳಲ್ಲಿ ಸೇರಿಸಿದ್ದೆ. ಉಳಿದ ಏಳು ಪತ್ರಗಳ ನಂಬರು ಪ್ಲಾಸ್ಟಿಕ್ಕಿನ ಒಳಗಿನಿಂದ ಸ್ಪಷ್ಟವಾಗಿ ಕಾಣುತ್ತವೆ, ಇವು ಪಾವತಿಯಾಗಿಲ್ಲವೆಂಬುದು ನಿಮ್ಮ ದಾಖಲೆಯಲ್ಲೇ ಇದೆ ಎಂದು ವಾದಿಸಿದ್ದೆ. ವಿಳಾಸ ನನ್ನದನ್ನೇ ಕೊಟ್ಟೆ. ಅಕ್ಕನ ಭಾವನಿಗೆ ಗೊತ್ತಾಗಬಾರದಲ್ಲ!

ನವರಾತ್ರಿಯ ಹೊತ್ತಿಗೆ ಉತ್ತರ ಬಂತು. ಐದು ಸಾಲು. ಹೆಸರಿಲ್ಲದ ಪತ್ರಗಳು ಮೂಲ ಸ್ಥಿತಿಯಲ್ಲಿ ಇರತಕ್ಕದ್ದು, ವಿರೂಪಗೊಂಡವುಗಳಿಗೆ ಪಾವತಿ ಇಲ್ಲ, ಈ ಬಗ್ಗೆ ಮುಂದಿನ ಪತ್ರವ್ಯವಹಾರ ಬೇಡ. ಸಾಲ ಇಲ್ಲವೆಂದು ಅವರು ಹೇಳಿರಲಿಲ್ಲ. ಸಾಲ ಇತ್ತು, ಅವರ ಪುಸ್ತಕದಲ್ಲಿ ಸುಖವಾಗಿಯೇ ಇತ್ತು. ತೀರಿಸುವುದಕ್ಕೆ ಮನುಷ್ಯರು ಸಿಕ್ಕಿರಲಿಲ್ಲ ಅಷ್ಟೇ.

ಆ ಕಾಗದವನ್ನು ಜೇಬಿನಲ್ಲಿಟ್ಟು ಮರುದಿನ ಗಂಗೊಳ್ಳಿಗೆ ಹೋದೆ. ಅಕ್ಕ ಚಾಪೆಯ ಮೇಲೆ ಮೀನು ಮಗುಚುತ್ತಿದ್ದರು. ನನ್ನನ್ನು ಕಂಡದ್ದೇ ಎದ್ದು ಕೈ ಒರೆಸಿಕೊಂಡರು.

“ಎಂತ ಆಯ್ತ್ ಏಜೆಂಟ್ರೇ? ಬತ್ತಾ?”

ಆ ಮುಖ ನೋಡಿ ನನ್ನ ಬಾಯಿಂದ ಬಂದ ಮಾತು ಇದು: “ಪರಿಶೀಲನೆಯಲ್ಲ್ ಇತ್ತ್ ಅಕ್ಕ.”

ಸರಕಾರಿ ಭಾಷೆಯಲ್ಲಿ ಇಪ್ಪತ್ತು ವರ್ಷ ಓಡಾಡಿದವನಿಗೆ ಅದು ನಾಲಿಗೆಯ ತುದಿಯಲ್ಲೇ ಇತ್ತು. ದೀಪಾವಳಿಗೆ ಹೇಳಿಬಿಡೋಣ ಎಂದುಕೊಂಡೆ. ದೀಪಾವಳಿಗೆ ಗಂಗೊಳ್ಳಿಯಲ್ಲಿ ಬಸ್ಸಿಳಿಯುತ್ತಲೇ ಅಕ್ಕನೇ ಓಡಿಬಂದರು. ಜಾಗದ ಯಜಮಾನರಿಗೆ ಆರೋಗ್ಯ ಸರಿಯಿಲ್ಲ, ಮಕ್ಕಳು ಮಾರುವ ಅವಸರದಲ್ಲಿದ್ದಾರೆ, ಮುಂಗಡ ಕೊಟ್ಟರೆ ಯುಗಾದಿಯವರೆಗೆ ತಡೆಯುತ್ತಾರಂತೆ, ತಪ್ಪಿದರೆ ಮುಂಗಡವೂ ವಾಪಸಿಲ್ಲವಂತೆ.

“ಯುಗಾದಿ ಒಳ್ಗ್ ಬತ್ತಲ್ದಾ? ನೀವ್ ಒಂದ್ ಮಾತ್ ಹೇಳಿ, ಬೆಂಡೋಲೆ ಇಟ್ಟಾರೂ ಮುಂಗಡ ಕೊಡ್ತೆ.”

“ಬತ್ತ್” ಎಂದೆ.

ಏಕೆ ಹಾಗೆಂದೆ? ಮೇಲಿನವರಿಗೆ ಇನ್ನೊಂದು ಅರ್ಜಿ ಹಾಕಿದ್ದೆ ಎಂಬುದು ನೆಪ. ಹಾಕಿದ್ದು ನಿಜ, ಉತ್ತರ ಬರುವುದಿಲ್ಲವೆಂದು ತಿಳಿದಿದ್ದದ್ದೂ ನಿಜ. ಇವತ್ತಿನ ‘ಇಲ್ಲ’ವನ್ನು ಮುಂದಿನ ತಿಂಗಳ ‘ಬತ್ತ್’ನಿಂದ ತೀರಿಸಿದೆ. ಆ ತಿಂಗಳು ಬಂದಾಗ ಅದನ್ನು ಅದರ ಮುಂದಿನದರಿಂದ. ಸಭೆಯ ಅಧಿಕಾರಿಗಳು ಹೇಳಿಕೊಟ್ಟ ವಿದ್ಯೆಯನ್ನು ನಾನು ಅಷ್ಟು ಚೆನ್ನಾಗಿ ಕಲಿತಿದ್ದೇನೆಂದು ಅವರಿಗೂ ಗೊತ್ತಿರಲಾರದು. ಬೆಂಡೋಲೆ ಗಿರವಿಗೆ ಹೋಯಿತು. ಮುಂಗಡ ಯಜಮಾನರ ಮಕ್ಕಳಿಗೆ ಹೋಯಿತು. ನಾನು ಗಂಗೊಳ್ಳಿಗೆ ಹೋಗುವುದನ್ನು ವಾರಕ್ಕೆ ಒಂದು ದಿನಕ್ಕೆ ಇಳಿಸಿದೆ.

ಯುಗಾದಿಗೆ ಹತ್ತು ದಿನ ಇರುವಾಗ ಅಕ್ಕ ನನ್ನನ್ನು ಕಾಯದೆ ತಾವೇ ಪತ್ರಗಳ ಗಂಟು ಹಿಡಿದು ಕಿಂಡಿಗೆ ಹೋದರು. ಮೇಲಿನ ಕಚೇರಿಯ ಉತ್ತರದ ಪ್ರತಿ ಗುಮಾಸ್ತರಿಗೂ ಬಂದಿತ್ತು. ಅವರು ಅದನ್ನು ಓದಿ, ಕನ್ನಡದಲ್ಲಿ ಅರ್ಥ ಹೇಳಿ, ತಾರೀಕನ್ನೂ ಹೇಳಿದರಂತೆ.

ಅಲ್ಲಿಂದ ಅಕ್ಕ ನೇರವಾಗಿ ಬಸ್ರೂರಿಗೆ ಬಂದರು. ನಮ್ಮ ಮನೆಗೆ ಅವರು ಬಂದದ್ದು ಅದೊಂದೇ ಸಲ. ಹೆಂಡತಿ ಕುಡಿಯಲು ನೀರು, ಬೆಲ್ಲ ತಂದಿಟ್ಟಳು. ಅಕ್ಕ ಜಗಲಿಯ ಮೇಲೆ ಕೂರಲಿಲ್ಲ.

“ಕಾಗ್ದ ಬಂದಿತ್ತಾ?”

“ಬಂದಿತ್ತ್.”

“ಎಷ್ಟ್ ಸಮಯ ಆಯ್ತ್?”

“ಆರ್ ತಿಂಗ್ಳ್.”

ಬೈಯುತ್ತಾರೆಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

“ಸರ್ಕಾರ ಒಂದೇ ಸಲ ಇಲ್ಲ ಅಂದಿತ್” ಎಂದರು. “ನೀವ್ ಆರ್ ತಿಂಗ್ಳ್ ಹೌದ್ ಅಂದ್ರಿ.”

“ಅಕ್ಕ, ಬೆಂಡೋಲೆ ನಾನ್ ಬಿಡ್ಸಿ ಕೊಡ್ತೆ...”

“ಯಾವಾಗ?” ಎಂದು ಕೇಳಿದರು. ವ್ಯಂಗ್ಯವಲ್ಲ, ನಿಜವಾಗಿ ಕೇಳಿದರು. ನನ್ನಲ್ಲಿ ಅಷ್ಟು ಹಣ ಇರಲಿಲ್ಲ. ‘ಮುಂದಿನ ತಿಂಗಳು’ ಎಂಬ ಮಾತು ಗಂಟಲವರೆಗೆ ಬಂತು. ನುಂಗಿದೆ. ಅಕ್ಕ ನೀರು ಮುಟ್ಟದೆ ಹೊರಟರು. ನಾನು ಗೇಟಿನವರೆಗೂ ಹೋಗಲಿಲ್ಲ.

ಯುಗಾದಿ ಕಳೆದು ವಾರದಲ್ಲೇ ಜಾಗವನ್ನು ಬ್ರಹ್ಮಾವರದ ಕಡೆಯ ಒಬ್ಬರು ಕೊಂಡರು. ಒಳ್ಳೆಯ ಮನುಷ್ಯರೆಂದು ಹೇಳುತ್ತಾರೆ. ಸುತ್ತ ಕಲ್ಲಿನ ಪಾಗಾರ ಕಟ್ಟಿಸಿದರೂ ಅಕ್ಕನಿಗೆ ಮೀನು ಒಣಗಿಸಲು ಬಿಟ್ಟರು. ಬಾಡಿಗೆ ಮೊದಲಿನದಕ್ಕಿಂತ ಹೆಚ್ಚು. ಬೆಂಡೋಲೆಯನ್ನು ಬಿಡಿಸಲು ಎರಡು ವರ್ಷ ನಾನು ಕಮಿಷನ್ನಿನಲ್ಲಿ ಉಳಿಸಿದೆ. ಉಳಿಸಿ ಹೋಗುವ ಹೊತ್ತಿಗೆ ಅದು ಹರಾಜಾಗಿತ್ತು. ಹಣವನ್ನಾದರೂ ಕೊಡೋಣವೆಂದು ಪಾಗಾರದ ಹತ್ತಿರ ಹೋದೆ. ಅಕ್ಕ ತೆಗೆದುಕೊಂಡರು, ಎಣಿಸಿದರು, “ಸರಿ ಇತ್ತ್” ಎಂದರು. ಆಮೇಲೆ ಬಾಗಿ ಮೀನು ಮಗುಚಲು ಶುರುಮಾಡಿದರು. ಒಂದು ಸಾಲು ಮುಗಿಸಿ ಇನ್ನೊಂದು ಸಾಲಿಗೆ ಹೋದರು. ನಾನು ಅಲ್ಲೇ ನಿಂತಿದ್ದೆ. ಏಜೆಂಟ್ರೇ ಎಂದು ಅವರು ಮತ್ತೆ ಕರೆಯಲಿಲ್ಲ.